ದೇಹದ ರೂಪ, ಆತ್ಮಗೌರವ ಮತ್ತು ಆಹಾರ: ರಾಮನಗರ, ಚನ್ನಪಟ್ಟಣ, ಕನಕಪುರ ಹಾಗೂ ಮಾಗಡಿ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ತನ್ನ ಮೈಬಣ್ಣ, ಎತ್ತರ, ತೂಕ ಹಾಗೂ ಅಂಗಾಂಗಗಳ ಬಗ್ಗೆ ವ್ಯಕ್ತಿಯು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಅಭಿಪ್ರಾಯಕ್ಕೆ ದೇಹಚಿತ್ರಣ ಎಂದು ಹೆಸರು. ಈ ಅಭಿಪ್ರಾಯವು ಕನ್ನಡಿಯಲ್ಲಿ ಕಾಣುವ ರೂಪವನ್ನು ಮಾತ್ರ ಅವಲಂಬಿಸಿಲ್ಲ. ಮನೆಯವರ ಮಾತು, ನೆರೆಹೊರೆಯವರ ಹೋಲಿಕೆ, ಶಾಲೆಯ ಅಡ್ಡಹೆಸರು, ಕಿರುತೆರೆ ಹಾಗೂ ಮೊಬೈಲ್ ದೂರವಾಣಿಯ ಚಿತ್ರಗಳು ಎಲ್ಲವೂ ಸೇರಿ ಅದನ್ನು ರೂಪಿಸುತ್ತವೆ. ತನ್ನ ದೇಹ ಸರಿಯಿಲ್ಲವೆಂಬ ಭಾವನೆ ಬಲವಾದಾಗ ಅದರ ಮೊದಲ ಪರಿಣಾಮ ಆಗುವುದು ಊಟದ ತಟ್ಟೆಯ ಮೇಲೆ. ಹಸಿದಿದ್ದರೂ ಊಟ ಬಿಡುವುದು, ಮರೆಯಲ್ಲಿ ತಿನ್ನುವುದು, ತಿಂದ ಮೇಲೆ ಪರಿತಪಿಸುವುದು, ಗುರುತು ಪರಿಚಯವಿಲ್ಲದ ಪುಡಿ ಮತ್ತು ಮುಲಾಮುಗಳಿಗೆ ಹಣ ವ್ಯಯಿಸುವುದು ಇವೆಲ್ಲವೂ ಅಲ್ಲಿಂದಲೇ ಆರಂಭವಾಗುತ್ತವೆ.

ಇದು ಸಿರಿವಂತರ ಅಥವಾ ನಗರವಾಸಿಗಳ ಸಮಸ್ಯೆ ಮಾತ್ರವೆಂದು ಭಾವಿಸುವುದು ಸರಿಯಲ್ಲ. ರಕ್ತಹೀನತೆ ವ್ಯಾಪಕವಾಗಿರುವ ನಾಡಿನಲ್ಲಿ ಹದಿಹರೆಯದ ಹೆಣ್ಣುಮಗಳೊಬ್ಬಳು ತೆಳ್ಳಗಾಗಬೇಕೆಂದು ಒಂದು ಹೊತ್ತಿನ ಊಟ ಬಿಟ್ಟರೆ ಅದರ ನಷ್ಟವನ್ನು ಆಕೆಯ ಓದು, ದುಡಿಮೆ ಹಾಗೂ ಮುಂದಿನ ತಾಯ್ತನ ಭರಿಸಬೇಕಾಗುತ್ತದೆ. ಈ ಹಿನ್ನೆಲೆಯಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಜನಜೀವನವನ್ನು ಗಮನದಲ್ಲಿಟ್ಟುಕೊಂಡು ಈ ಮಾಹಿತಿಯನ್ನು ನೀಡಲಾಗಿದೆ.

2. ನಾಲ್ಕು ತಾಲ್ಲೂಕುಗಳ ದುಡಿಮೆ ಮತ್ತು ಊಟ

2007ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ವಿಭಜಿಸಿ ಈ ನಾಲ್ಕು ತಾಲ್ಲೂಕುಗಳನ್ನೊಳಗೊಂಡ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ರಾಜ್ಯ ಸರ್ಕಾರವು ಜಿಲ್ಲೆಗೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಮರುನಾಮಕರಣ ಮಾಡಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಮತ್ತು ನೂಲು ಬಿಚ್ಚಣಿಕೆ, ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳು, ಕನಕಪುರದ ಹಿಪ್ಪುನೇರಳೆ ಹಾಗೂ ರಾಗಿ ಹೊಲಗಳು, ಮಾಗಡಿಯ ಅವರೆಕಾಯಿ ಇವು ಈ ಭಾಗದ ಗುರುತುಗಳು. ಇವೆಲ್ಲವೂ ಮೈಮುರಿದು ದುಡಿಯುವ ಕೆಲಸಗಳೇ ಆಗಿವೆ. ಇತ್ತೀಚಿನ ದಶಕಗಳಲ್ಲಿ ಬಿಡದಿಯ ಕೈಗಾರಿಕಾ ಪ್ರದೇಶಕ್ಕೂ, ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆ, ಕಾಲೇಜು ಹಾಗೂ ಕಚೇರಿಗಳಿಗೂ ಮುಂಜಾನೆಯೇ ರೈಲು ಅಥವಾ ಬಸ್ಸು ಹಿಡಿದು ಹೋಗುವವರ ಸಂಖ್ಯೆ ಹೆಚ್ಚಿದೆ.

ಇಲ್ಲಿಯ ಸಾಂಪ್ರದಾಯಿಕ ಊಟವು ರಾಗಿಮುದ್ದೆಯೊಂದಿಗೆ ಸೊಪ್ಪಿನ ಸಾರು, ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು ಅಥವಾ ಕಾಲಕ್ಕೆ ತಕ್ಕಂತೆ ಹಿತಕಿದ ಅವರೆಬೇಳೆಯ ಸಾರನ್ನು ಒಳಗೊಂಡಿರುತ್ತದೆ. ಮಳೆಯಾಶ್ರಿತ ರಾಗಿ ಹೊಲದ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿತ್ತುವ ಅಕ್ಕಡಿ ಸಾಲಿನ ಪದ್ಧತಿಯನ್ನು ಹಿರಿಯರು ಬಲ್ಲರು. ರಾಗಿಯಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಮೈನೋ ಆಮ್ಲವು ಅವರೆ, ತೊಗರಿಗಳಲ್ಲಿ ಹೇರಳವಾಗಿದೆ. ದ್ವಿದಳ ಧಾನ್ಯಗಳಲ್ಲಿ ಕಡಿಮೆಯಿರುವ ಮೆಥಿಯೋನಿನ್ ರಾಗಿಯಲ್ಲಿ ಉತ್ತಮ ಪ್ರಮಾಣದಲ್ಲಿದೆ. ಒಂದು ಹೊಲದಲ್ಲಿ ಕೂಡಿ ಬೆಳೆದದ್ದು ಒಂದು ತಟ್ಟೆಯಲ್ಲಿ ಕೂಡಿದಾಗ ಪ್ರೋಟೀನಿನ ಗುಣಮಟ್ಟ ಹೆಚ್ಚುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರಗಳ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶ, ಸುಮಾರು 11 ಗ್ರಾಂ ನಾರಿನ ಅಂಶ, ಸುಮಾರು 7 ಗ್ರಾಂ ಪ್ರೋಟೀನ್ ಹಾಗೂ ಸುಮಾರು 320 ಕಿಲೋ ಕ್ಯಾಲೊರಿ ಶಕ್ತಿಯಿದೆ. ಸುಣ್ಣದ ಅಂಶದಲ್ಲಿ ಅಕ್ಕಿ, ಗೋಧಿಗಳೆರಡೂ ಇದರ ಹತ್ತಿರಕ್ಕೆ ಬರುವುದಿಲ್ಲ. ಹೀಗಿದ್ದರೂ ಮುದ್ದೆಯ ಡಬ್ಬಿಯನ್ನು ಸಹಪಾಠಿಗಳ ಮುಂದೆ ತೆರೆಯಲು ಸಂಕೋಚಪಡುವ ವಿದ್ಯಾರ್ಥಿಗಳೂ, ನೆಂಟರು ಬಂದಾಗ ಮುದ್ದೆ ಬಡಿಸಲು ಹಿಂಜರಿಯುವ ಗೃಹಿಣಿಯರೂ ಇದ್ದಾರೆ. ಊಟದ ಬಗೆಗಿನ ಈ ಸಂಕೋಚಕ್ಕೂ ದೇಹದ ಬಗೆಗಿನ ಸಂಕೋಚಕ್ಕೂ ಮೂಲ ಒಂದೇ. ಅದು ಬೇರೆಯವರ ಅಳತೆಗೋಲಿನಿಂದ ತನ್ನನ್ನು ಅಳೆದುಕೊಳ್ಳುವ ಅಭ್ಯಾಸ.

3. ಕೀಳರಿಮೆ ಹುಟ್ಟುವ ಬಗೆ

ದೇಹದ ಬಗೆಗಿನ ಕೀಳರಿಮೆಯು ಜನ್ಮತಃ ಬರುವುದಲ್ಲ. ಅದು ಸಾಮಾನ್ಯವಾಗಿ ಈ ಕೆಳಕಂಡ ಸಂದರ್ಭಗಳಲ್ಲಿ ಬೆಳೆಯುತ್ತದೆ.

(ಅ) ಮನೆ ಮತ್ತು ಶಾಲೆ: ಡುಮ್ಮಿ, ಕಡ್ಡಿ, ಕುಳ್ಳ, ಕರಿಯ ಮುಂತಾದ ಅಡ್ಡಹೆಸರುಗಳನ್ನು ಪ್ರೀತಿಯಿಂದ ಕರೆದರೂ ಮಗುವಿನ ಮನಸ್ಸಿನಲ್ಲಿ ಅವು ಉಳಿಯುತ್ತವೆ. ಅಕ್ಕತಂಗಿಯರನ್ನು ಬಣ್ಣದಿಂದ ಹೋಲಿಸುವುದೂ ಇದೇ ಸಾಲಿಗೆ ಸೇರುತ್ತದೆ.

(ಆ) ಮದುವೆಯ ಮಾತುಕತೆ: ಹೆಣ್ಣು ನೋಡುವ ಶಾಸ್ತ್ರದ ದಿನ ನಿಗದಿಯಾದೊಡನೆ ತಿಂಗಳೊಳಗೆ ತೂಕ ಇಳಿಸಲು ಅಥವಾ ಬೆಳ್ಳಗಾಗಲು ಒತ್ತಾಯ ಆರಂಭವಾಗುತ್ತದೆ. ಈ ಅವಧಿಯಲ್ಲಿಯೇ ಊಟ ಬಿಡುವುದೂ, ಅಪಾಯಕಾರಿ ಮುಲಾಮುಗಳ ಬಳಕೆಯೂ ಹೆಚ್ಚು.

(ಇ) ಪರದೆಯ ಮೇಲಿನ ರೂಪ: ಮೊಬೈಲ್ ದೂರವಾಣಿಯ ಕ್ಯಾಮೆರಾಗಳಲ್ಲಿ ಮುಖವನ್ನು ತಾನಾಗಿಯೇ ನುಣುಪು ಮತ್ತು ಬಿಳುಪು ಮಾಡುವ ವ್ಯವಸ್ಥೆಯಿರುತ್ತದೆ. ಯುವಜನರು ಹೋಲಿಸಿಕೊಳ್ಳುತ್ತಿರುವುದು ಮತ್ತೊಬ್ಬ ವ್ಯಕ್ತಿಯೊಡನೆ ಅಲ್ಲ, ತಿದ್ದಿದ ಚಿತ್ರದೊಡನೆ.

ಚಿತ್ರಗಳ ಪ್ರಭಾವ ಎಷ್ಟರಮಟ್ಟಿನದು ಎಂಬುದಕ್ಕೆ ಶಾಂತಸಾಗರದ ಫಿಜಿ ದ್ವೀಪದ ಅಧ್ಯಯನವೊಂದು ನಿದರ್ಶನವಾಗಿದೆ. ತುಂಬಿದ ಮೈಯನ್ನು ಆರೋಗ್ಯದ ಲಕ್ಷಣವೆಂದು ಗೌರವಿಸುತ್ತಿದ್ದ ಆ ದ್ವೀಪದ ಒಂದು ಪ್ರಾಂತ್ಯಕ್ಕೆ 1995ರಲ್ಲಿ ದೂರದರ್ಶನ ಪ್ರಸಾರ ಬಂದಿತು. ಮಾನವಶಾಸ್ತ್ರಜ್ಞೆ ಹಾಗೂ ಮನೋವೈದ್ಯೆ ಆನ್ ಬೆಕರ್ ಅವರು ಅಲ್ಲಿಯ ಶಾಲಾ ಬಾಲಕಿಯರನ್ನು 1995ರಲ್ಲಿಯೂ 1998ರಲ್ಲಿಯೂ ವಿಚಾರಿಸಿದರು. ತೂಕ ನಿಯಂತ್ರಣಕ್ಕಾಗಿ ವಾಂತಿ ಮಾಡಿಕೊಳ್ಳುವವರು ಮೊದಲ ಬಾರಿ ಒಬ್ಬರೂ ಇರಲಿಲ್ಲ. ಮೂರು ವರ್ಷಗಳ ನಂತರ ಅವರ ಪ್ರಮಾಣ ಶೇಕಡ 11ರಷ್ಟಾಗಿತ್ತು. ಆ ಬಾಲಕಿಯರ ದೇಹಕ್ಕೆ ಹೊಸ ಕಾಯಿಲೆಯೇನೂ ಬಂದಿರಲಿಲ್ಲ. ಅದನ್ನು ನೋಡುವ ದೃಷ್ಟಿ ಬದಲಾಗಿತ್ತು.

4. ಮೈಬಣ್ಣದ ವಿಚಾರ

ಚರ್ಮದ ಬಣ್ಣವನ್ನು ನಿರ್ಧರಿಸುವುದು ಮೆಲನಿನ್ ಎಂಬ ವರ್ಣದ್ರವ್ಯ. ಅದರ ಪ್ರಮಾಣವು ಮುಖ್ಯವಾಗಿ ವಂಶವಾಹಿಗಳನ್ನೂ, ಸ್ವಲ್ಪಮಟ್ಟಿಗೆ ಬಿಸಿಲನ್ನೂ ಅವಲಂಬಿಸಿದೆ. ಮೆಲನಿನ್ ಸೂರ್ಯನ ಅತಿನೇರಳೆ ಕಿರಣಗಳಿಂದ ಚರ್ಮವನ್ನು ರಕ್ಷಿಸುತ್ತದೆ. ರಾಗಿ ತಿಂದವರು ಕಪ್ಪಾಗುತ್ತಾರೆ, ಗರ್ಭಿಣಿಯು ಕೇಸರಿ ಹಾಲು ಕುಡಿದರೆ ಮಗು ಬೆಳ್ಳಗೆ ಹುಟ್ಟುತ್ತದೆ ಎಂಬ ಮಾತುಗಳಿಗೆ ಯಾವುದೇ ವೈಜ್ಞಾನಿಕ ಆಧಾರವಿಲ್ಲ. ರಾಗಿಯ ಗಾಢ ಬಣ್ಣವು ಅದರ ಹೊರಪದರದಲ್ಲಿರುವ ಪಾಲಿಫಿನಾಲ್ ಎಂಬ ವಸ್ತುಗಳಿಂದ ಬಂದದ್ದು. ಅದು ತಿನ್ನುವವರ ಚರ್ಮಕ್ಕೆ ಸಾಗುವುದಿಲ್ಲ.

ಈ ಭಾಗದ ಹಳೆಯ ಹೆಸರುಗಳನ್ನು ಗಮನಿಸಿದರೆ ಬಣ್ಣ ಮತ್ತು ಗಾತ್ರಗಳು ನಾಚಿಕೆಯ ವಿಷಯವಾಗಿರಲಿಲ್ಲವೆಂಬುದು ತಿಳಿಯುತ್ತದೆ. ಕರಿಯಪ್ಪ, ಕರಿಯಮ್ಮ, ಕೆಂಪಯ್ಯ, ಕೆಂಪಮ್ಮ, ದೊಡ್ಡಯ್ಯ, ಚಿಕ್ಕಮ್ಮ ಎಂಬ ಹೆಸರುಗಳನ್ನು ಮಕ್ಕಳಿಗೆ ಗೌರವದಿಂದಲೇ ಇಡಲಾಗುತ್ತಿತ್ತು. ಕರಿಯಮ್ಮ ಎಂಬುದು ದೇವತೆಯ ಹೆಸರೂ ಹೌದು. ಮಾಗಡಿಯೊಂದಿಗೆ ಹೆಸರು ಕೂಡಿಕೊಂಡಿರುವ ಕೆಂಪೇಗೌಡರ ಹೆಸರಿನಲ್ಲಿಯೂ ಬಣ್ಣವಿದೆ. ದೇವರಿಗೂ ನಾಡಪ್ರಭುವಿಗೂ ಒಪ್ಪಿದ್ದ ಪದವು ಶಾಲೆಯ ಅಂಗಳದಲ್ಲಿ ಬೈಗುಳವಾಗಿರುವುದು ಈಚಿನ ಬೆಳವಣಿಗೆ.

ಹದಿನಾರನೆಯ ಶತಮಾನದ ಕನಕದಾಸರ ರಾಮಧಾನ್ಯಚರಿತೆಯ ಕಥಾವಸ್ತುವೂ ಇಲ್ಲಿ ಉಲ್ಲೇಖನೀಯ. ಅದರಲ್ಲಿ ವ್ರಿಹಿ ಎಂದರೆ ಭತ್ತವೂ, ನರೆದಲೆಗ ಎಂದರೆ ರಾಗಿಯೂ ತಮ್ಮಲ್ಲಿ ಯಾರು ಶ್ರೇಷ್ಠರೆಂದು ವಾದಿಸುತ್ತವೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದಾಗ ಭತ್ತವು ಸೊರಗಿಹೋಗಿ, ರಾಗಿಯು ಸತ್ವ ಕಳೆದುಕೊಳ್ಳದೆ ಉಳಿದಿರುತ್ತದೆ. ರಾಮನು ಅದಕ್ಕೆ ತನ್ನ ಹೆಸರನ್ನೇ ನೀಡುತ್ತಾನೆ. ಯೋಗ್ಯತೆಯನ್ನು ಬಣ್ಣದಿಂದ ಅಳೆಯದೆ ಬಾಳಿಕೆಯಿಂದ ಅಳೆಯಬೇಕೆಂಬ ವಿವೇಕವು ಕನ್ನಡನಾಡಿಗೆ ಹೊಸದಲ್ಲ.

ಭಾರತದಲ್ಲಿ 1975ರಲ್ಲಿ ಮಾರುಕಟ್ಟೆಗೆ ಬಂದು ಮನೆಮಾತಾದ ಫೇರ್ ಅಂಡ್ ಲವ್ಲಿ ಕ್ರೀಮಿನ ತಯಾರಕರು 2020ರಲ್ಲಿ ಅದರ ಹೆಸರಿನಿಂದ ಬಿಳುಪನ್ನು ಸೂಚಿಸುವ ಪದವನ್ನು ಕೈಬಿಟ್ಟು ಗ್ಲೋ ಅಂಡ್ ಲವ್ಲಿ ಎಂದು ಬದಲಿಸಿದರು. ಹೆಸರು ಬದಲಾದರೂ ಬೆಳ್ಳಗಾಗುವ ಆಸೆಯನ್ನು ಬಂಡವಾಳ ಮಾಡಿಕೊಂಡ ವ್ಯಾಪಾರ ನಿಂತಿಲ್ಲ. ವೈದ್ಯರ ಚೀಟಿಯಿಲ್ಲದೆ ಕೊಂಡು ಹಚ್ಚುವ ಸ್ಟಿರಾಯ್ಡ್ ಅಂಶವುಳ್ಳ ಮುಲಾಮುಗಳಿಂದ ಚರ್ಮ ತೆಳುವಾಗುವುದು, ಕೆಂಪಾಗಿ ಉರಿಯುವುದು, ಮೊಡವೆ ಹೆಚ್ಚುವುದು, ಮುಖದಲ್ಲಿ ಕೂದಲು ಬೆಳೆಯುವುದು ಮುಂತಾದ ತೊಂದರೆಗಳಾಗುತ್ತವೆ. ಪಾದರಸ ಬೆರೆತ ಕ್ರೀಮುಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಲೇಬಲ್, ತಯಾರಕರ ವಿಳಾಸ ಮತ್ತು ಬ್ಯಾಚ್ ಸಂಖ್ಯೆಯಿಲ್ಲದ ಯಾವುದೇ ಕ್ರೀಮನ್ನು ಬಳಸಬಾರದು.

5. ತೂಕದ ಲೆಕ್ಕ

ತೂಕವು ಸರಿಯಿದೆಯೇ ಎಂಬುದನ್ನು ನೆರೆಯವರ ಮಾತಿನಿಂದ ನಿರ್ಧರಿಸದೆ ಲೆಕ್ಕದಿಂದ ತಿಳಿಯುವುದು ಸೂಕ್ತ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ದೇಹ ತೂಕ ಸೂಚ್ಯಂಕ. ವಯಸ್ಕರಲ್ಲಿ 18.5ಕ್ಕಿಂತ ಕಡಿಮೆಯಿದ್ದರೆ ಕಡಿಮೆ ತೂಕವೆಂದೂ, ಭಾರತೀಯರಿಗೆ ಸೂಚಿಸಲಾಗಿರುವ ಮಿತಿಯಂತೆ 18.5ರಿಂದ 22.9ರವರೆಗೆ ಸಹಜ ತೂಕವೆಂದೂ, 23ರಿಂದ 24.9ರವರೆಗೆ ಅಧಿಕ ತೂಕವೆಂದೂ, 25 ಹಾಗೂ ಅದಕ್ಕಿಂತ ಹೆಚ್ಚಿದ್ದರೆ ಬೊಜ್ಜು ಎಂದೂ ಪರಿಗಣಿಸಲಾಗುತ್ತದೆ.

ಉದಾಹರಣೆ: 155 ಸೆಂಟಿಮೀಟರ್ ಎತ್ತರ ಮತ್ತು 50 ಕಿಲೋ ತೂಕದ ಮಹಿಳೆಯ ಸೂಚ್ಯಂಕ 50 ÷ (1.55 × 1.55) = 20.8. ಈಕೆಯ ತೂಕ ಸಹಜವಾಗಿದೆ. ಆಕೆಯು 43 ಕಿಲೋಗೆ ಇಳಿದರೆ ಸೂಚ್ಯಂಕ 17.9 ಆಗಿ ಕಡಿಮೆ ತೂಕದ ವರ್ಗಕ್ಕೆ ಸೇರುತ್ತಾಳೆ. ಮದುವೆಯ ಮಾತುಕತೆಗೆ ಮುನ್ನ ಐದಾರು ಕಿಲೋ ಇಳಿಸಿಕೊಳ್ಳುವಂತೆ ಸಲಹೆ ನೀಡುವವರು ಮೊದಲು ಈ ಲೆಕ್ಕ ಮಾಡುವುದು ಒಳಿತು.

ಈ ಸೂಚ್ಯಂಕಕ್ಕೂ ಮಿತಿಗಳಿವೆ. ಸ್ನಾಯು ಮತ್ತು ಕೊಬ್ಬಿನ ವ್ಯತ್ಯಾಸವನ್ನು ಅದು ತೋರಿಸುವುದಿಲ್ಲ. ಬೆಳೆಯುವ ಮಕ್ಕಳಿಗೂ ಗರ್ಭಿಣಿಯರಿಗೂ ಮೇಲಿನ ಮಿತಿಗಳು ಅನ್ವಯಿಸುವುದಿಲ್ಲ. ಹೊಟ್ಟೆಯ ಸುತ್ತಳತೆ ಪುರುಷರಲ್ಲಿ 90 ಸೆಂಟಿಮೀಟರ್, ಮಹಿಳೆಯರಲ್ಲಿ 80 ಸೆಂಟಿಮೀಟರ್ ಮೀರಿದರೆ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗದ ಸಾಧ್ಯತೆ ಹೆಚ್ಚಾಗುವುದರಿಂದ ರಕ್ತದೊತ್ತಡ ಹಾಗೂ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಅಂಕಿಗಳು ತಪಾಸಣೆಯ ಸಾಧನಗಳಷ್ಟೇ; ಅವು ವ್ಯಕ್ತಿಯ ಬೆಲೆಯನ್ನು ತಿಳಿಸುವುದಿಲ್ಲ.

6. ಊಟ ಬಿಡುವುದರಿಂದ ಆಗುವುದೇನು

2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಜನರಿಗೆ ರಕ್ತಹೀನತೆಯಿತ್ತು. ಕರ್ನಾಟಕದಲ್ಲಿ ಈ ಪ್ರಮಾಣ ಶೇಕಡ 48ರ ಆಸುಪಾಸಿನಲ್ಲಿತ್ತು. ಅದೇ ಸಮೀಕ್ಷೆಯಂತೆ ದೇಶದ ಮಹಿಳೆಯರಲ್ಲಿ ಶೇಕಡ 18.7ರಷ್ಟು ಜನರು ಕಡಿಮೆ ತೂಕದವರು, ಶೇಕಡ 24ರಷ್ಟು ಜನರು ಅಧಿಕ ತೂಕ ಅಥವಾ ಬೊಜ್ಜು ಉಳ್ಳವರು. ಕೊರತೆ ಮತ್ತು ಹೆಚ್ಚಳ ಎರಡೂ ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ ಇರುತ್ತವೆ. ಹೀಗಾಗಿ ಎಲ್ಲರಿಗೂ ಕಡಿಮೆ ತಿನ್ನಿರೆಂಬ ಒಂದೇ ಸಲಹೆ ಸಲ್ಲದು.

ಗರ್ಭಿಣಿಯಲ್ಲದ ವಯಸ್ಕ ಮಹಿಳೆಯರಲ್ಲಿ ಹಿಮೋಗ್ಲೋಬಿನ್ ಪ್ರಮಾಣ ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆಯೆನ್ನುತ್ತಾರೆ. ಸುಸ್ತು, ತಲೆಸುತ್ತು, ಏದುಸಿರು, ಓದಿನಲ್ಲಿ ಏಕಾಗ್ರತೆಯಿಲ್ಲದಿರುವುದು ಇದರ ಲಕ್ಷಣಗಳು. ಮುಂಜಾನೆ ಬರಿ ಕಾಫಿ ಕುಡಿದು ರೈಲು ಹತ್ತಿ, ಮಧ್ಯಾಹ್ನದವರೆಗೆ ನಿಂತು ದುಡಿಯುವ ಹೆಣ್ಣುಮಗಳಲ್ಲಿ ಈ ಲಕ್ಷಣಗಳು ಕಂಡಾಗ ಅದನ್ನು ಸೋಮಾರಿತನವೆಂದು ತಿಳಿಯಬಾರದು.

ಹಸಿವು ಮನಸ್ಸಿನ ಮೇಲೆ ಮಾಡುವ ಪರಿಣಾಮವನ್ನು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944-45ರಲ್ಲಿ ನಡೆದ ಪ್ರಯೋಗವು ತೋರಿಸಿಕೊಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಸಿದ ಜನರಿಗೆ ನೆರವಾಗುವ ಬಗೆಯನ್ನು ಅರಿಯಲು ವಿಜ್ಞಾನಿ ಆನ್ಸೆಲ್ ಕೀಸ್ ಅವರು ಸ್ವಇಚ್ಛೆಯಿಂದ ಮುಂದೆ ಬಂದ 36 ಮಂದಿ ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರೆಹೊಟ್ಟೆಯ ಆಹಾರ ನೀಡಿದರು. ಅವರು ತೂಕದಲ್ಲಿ ಇಳಿದದ್ದು ಮಾತ್ರವಲ್ಲ, ಖಿನ್ನರೂ ಸಿಡುಕರೂ ಆದರು. ಸದಾ ಆಹಾರದ ಬಗ್ಗೆಯೇ ಯೋಚಿಸತೊಡಗಿದರು. ನಿರ್ಬಂಧ ಸಡಿಲವಾದ ಮೇಲೆಯೂ ಹಲವರಿಗೆ ಎಷ್ಟು ತಿಂದರೂ ತೃಪ್ತಿಯಾಗಲಿಲ್ಲ.

ಇದರಿಂದ ತಿಳಿಯುವ ಅಂಶ ಮಹತ್ವದ್ದು. ಹಗಲೆಲ್ಲ ಉಪವಾಸವಿದ್ದವರು ರಾತ್ರಿ ಮಿತಿಮೀರಿ ತಿನ್ನುವುದು ಆಸೆಬುರುಕತನವಲ್ಲ. ಅದು ಹಸಿದ ದೇಹದ ಸಹಜ ಪ್ರತಿಕ್ರಿಯೆ. ತಿಂದೆನೆಂಬ ಪರಿತಾಪದಿಂದ ಮರುದಿನ ಮತ್ತೆ ಊಟ ಬಿಟ್ಟರೆ ಹಳೆಯ ಸಾಲ ತೀರಿಸಲು ಹೊಸ ಸಾಲ ಮಾಡಿದಂತಾಗುತ್ತದೆ. ಬಾಕಿ ಬೆಳೆಯುತ್ತದೆಯೇ ಹೊರತು ತೀರುವುದಿಲ್ಲ. ಹೊತ್ತಿಗೆ ಸರಿಯಾದ ಊಟವೇ ಈ ಚಕ್ರವನ್ನು ಮುರಿಯುವ ಮೊದಲ ಉಪಾಯ.

7. ಆಹಾರದೊಂದಿಗೆ ಆರೋಗ್ಯಕರ ಸಂಬಂಧ

ಆಹಾರವು ಬಹುಮಾನವೂ ಅಲ್ಲ, ಶಿಕ್ಷೆಯೂ ಅಲ್ಲ. ಹಸಿವಾದಾಗ ತಿನ್ನುವುದು, ಸಾಕೆನಿಸಿದಾಗ ನಿಲ್ಲಿಸುವುದು, ಹಬ್ಬದ ದಿನ ಒಬ್ಬಟ್ಟು ತಿಂದುದಕ್ಕೆ ಮರುದಿನ ಲೆಕ್ಕ ಚುಕ್ತಾ ಮಾಡಲು ಹೋಗದಿರುವುದು ಆರೋಗ್ಯಕರ ಸಂಬಂಧದ ಲಕ್ಷಣಗಳು. ಈ ಕೆಳಕಂಡ ಅಭ್ಯಾಸಗಳು ನಾಲ್ಕು ತಾಲ್ಲೂಕುಗಳ ಕುಟುಂಬಗಳಿಗೆ ಅನುಸರಿಸಲು ಸುಲಭವಾಗಿವೆ.

(1) ಬೆಳಗಿನ ಆಹಾರ ಬಿಡದಿರುವುದು. ಸಮಯವಿಲ್ಲದವರು ರಾಗಿ ಅಂಬಲಿ, ರಾಗಿ ರೊಟ್ಟಿ ಅಥವಾ ಇಡ್ಲಿಯನ್ನು ಡಬ್ಬಿಯಲ್ಲಿ ಒಯ್ಯಬಹುದು.

(2) ಮುದ್ದೆ ಅಥವಾ ಅನ್ನದ ಜೊತೆಗೆ ಕಾಳು ಮತ್ತು ಸೊಪ್ಪು ಇರುವಂತೆ ನೋಡಿಕೊಳ್ಳುವುದು. ದಂಟು, ಹೊನಗನ್ನೆ, ಗಣಿಕೆ, ನುಗ್ಗೆ ಮುಂತಾದ ಸೊಪ್ಪುಗಳು ಕಡಿಮೆ ವೆಚ್ಚದಲ್ಲಿ ಅಥವಾ ಹೊಲದ ಬದುವಿನಲ್ಲಿಯೇ ದೊರೆಯುತ್ತವೆ.

(3) ಊಟದೊಡನೆ ನಿಂಬೆ, ನೆಲ್ಲಿ ಅಥವಾ ಸೀಬೆ ಹಣ್ಣು ಸೇವಿಸುವುದು. ಇವುಗಳಲ್ಲಿನ ಸಿ ಜೀವಸತ್ವವು ಕಬ್ಬಿಣಾಂಶ ಹೀರಿಕೆಗೆ ಸಹಕಾರಿ. ಕಾಫಿ, ಚಹಾವನ್ನು ಊಟಕ್ಕೆ ಒಂದು ಗಂಟೆ ಮೊದಲು ಅಥವಾ ನಂತರ ಕುಡಿಯುವುದು ಉತ್ತಮ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಅದರ ಕಬ್ಬಿಣಾಂಶ ದೇಹಕ್ಕೆ ಹೆಚ್ಚು ದಕ್ಕುತ್ತದೆ.

(4) ಹಾಲನ್ನೆಲ್ಲ ಡೈರಿಗೆ ಹಾಕದೆ, ಮನೆಯ ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರ ಪಾಲನ್ನು ಮೊದಲು ತೆಗೆದಿರಿಸುವುದು.

(5) ಮನೆಯ ಹೆಂಗಸರು ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ತಿನ್ನುವ ರೂಢಿಯನ್ನು ಬಿಟ್ಟು, ದಿನಕ್ಕೆ ಒಂದು ಹೊತ್ತಾದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುವುದು. ಆ ಹೊತ್ತಿನಲ್ಲಿ ಯಾರ ತೂಕದ ಬಗ್ಗೆಯೂ ಮಾತನಾಡದಿರುವುದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಾಗೂ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು 2000 ಕಿಲೋ ಕ್ಯಾಲೊರಿಯ ದಿನದ ತಟ್ಟೆಯಲ್ಲಿ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಅಥವಾ ಮೊಸರು ಇರುವಂತೆ ಸೂಚಿಸಿದೆ. ಮುದ್ದೆಯ ಗಾತ್ರವನ್ನು ಮಾತ್ರ ದೊಡ್ಡದು ಮಾಡಿ, ನೀರು ಸಾರಿನಲ್ಲಿ ಊಟ ಮುಗಿಸುವುದು ಈ ಸಮತೋಲನಕ್ಕೆ ಹೊಂದುವುದಿಲ್ಲ.

ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಡಾ. ಶಿವಕುಮಾರ ಸ್ವಾಮೀಜಿಯವರು ತುಮಕೂರಿನ ಸಿದ್ಧಗಂಗಾ ಮಠದಲ್ಲಿ ನಡೆಸಿದ ದಾಸೋಹದಲ್ಲಿ ಸಹಸ್ರಾರು ವಿದ್ಯಾರ್ಥಿಗಳು ಒಂದೇ ಸಾಲಿನಲ್ಲಿ ಕುಳಿತು ಮುದ್ದೆ, ಸಾರು, ಅನ್ನ ಉಂಡು ಬೆಳೆದಿದ್ದಾರೆ. ಪಂಕ್ತಿಯಲ್ಲಿ ಕುಳಿತವರ ಹಸಿವನ್ನು ಮಾತ್ರ ನೋಡಿ ಬಡಿಸುವ ಆ ಕ್ರಮವು ಪ್ರತಿಯೊಂದು ಮನೆಗೂ ಅನ್ವಯಿಸುತ್ತದೆ.

8. ವಿಶೇಷ ಗಮನ ಅಗತ್ಯವಿರುವವರು

ಅಧಿಕ ತೂಕದವರು: ತನ್ನನ್ನು ಒಪ್ಪಿಕೊಳ್ಳುವುದೆಂದರೆ ಆರೋಗ್ಯವನ್ನು ಅಲಕ್ಷಿಸುವುದೆಂದಲ್ಲ. ವೈದ್ಯರು ತೂಕ ಇಳಿಸಲು ಸೂಚಿಸಿದ್ದಲ್ಲಿ ವಾರಕ್ಕೆ ಅರ್ಧ ಕಿಲೋದಷ್ಟು ಇಳಿಕೆ ಸುರಕ್ಷಿತವೆನ್ನಲಾಗಿದೆ. ದಿನದ ಆಹಾರವು 1000 ಕಿಲೋ ಕ್ಯಾಲೊರಿಗಿಂತ ಕಡಿಮೆಯಾಗಬಾರದು. ಎಣ್ಣೆ, ಸಕ್ಕರೆ, ಬೇಕರಿ ತಿನಿಸುಗಳನ್ನು ಮಿತಗೊಳಿಸಿ ದಿನವೂ ನಡೆಯುವುದು ಸಾಕಷ್ಟು ಫಲ ನೀಡುತ್ತದೆ. ದೇಹವನ್ನು ದ್ವೇಷಿಸುವವರಿಗಿಂತ ಗೌರವಿಸುವವರು ಅದನ್ನು ಚೆನ್ನಾಗಿ ಕಾಪಾಡಿಕೊಳ್ಳುತ್ತಾರೆ.

ಬಾಣಂತಿಯರು: ಹೆರಿಗೆಯ ನಂತರ ಹೊಟ್ಟೆ ಸಡಿಲವಾಗಿರುವುದೂ ತೂಕ ಹೆಚ್ಚಿರುವುದೂ ಸಹಜ. ಹೊಟ್ಟೆ ಇಳಿಯಲೆಂದು ನೀರು, ಸೊಪ್ಪು, ಹಣ್ಣುಗಳನ್ನು ನಿಷೇಧಿಸುವುದು ತಾಯಿಗೂ ಮಗುವಿಗೂ ಹಾನಿಕರ. ಎದೆಹಾಲುಣಿಸುವ ತಾಯಿಗೆ ಹೆಚ್ಚಿನ ಆಹಾರ ಬೇಕು. ಗರ್ಭಿಣಿ ಮತ್ತು ಬಾಣಂತಿಯರಿಗೆ ಪೌಷ್ಟಿಕ ಊಟ ನೀಡುವ ಮಾತೃಪೂರ್ಣ ಯೋಜನೆಯು 2017ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಿತು. ವಿವರಗಳಿಗೆ ಅಂಗನವಾಡಿ ಕಾರ್ಯಕರ್ತೆಯರನ್ನು ವಿಚಾರಿಸುವುದು.

ಗಂಡುಮಕ್ಕಳು: ಕೀಳರಿಮೆ ಹೆಣ್ಣುಮಕ್ಕಳಿಗೆ ಸೀಮಿತವಲ್ಲ. ಸಣಕಲು ಎಂಬ ಮಾತಿಗೆ ನೊಂದು ವ್ಯಾಯಾಮಶಾಲೆ ಸೇರುವ ಯುವಕರು ಅಲ್ಲಿ ಯಾರೋ ಸೂಚಿಸಿದ ಚುಚ್ಚುಮದ್ದು ಹಾಗೂ ಸ್ಟಿರಾಯ್ಡ್ ಮಾತ್ರೆಗಳಿಗೆ ಬಲಿಯಾಗುವ ಅಪಾಯವಿದೆ. ಇವು ಯಕೃತ್ತು, ಹೃದಯ ಮತ್ತು ಸಂತಾನಶಕ್ತಿಗೆ ಹಾನಿ ಮಾಡುತ್ತವೆ. ಕಾಳು, ಮೊಟ್ಟೆ, ಹಾಲು ಹಾಗೂ ಕ್ರಮಬದ್ಧ ವ್ಯಾಯಾಮದಿಂದ ಮೈಕಟ್ಟು ನಿಧಾನವಾಗಿ, ಸುರಕ್ಷಿತವಾಗಿ ಬೆಳೆಯುತ್ತದೆ.

9. ಎಚ್ಚರಿಕೆಯ ಲಕ್ಷಣಗಳು

ಆಹಾರ ಸಂಬಂಧಿ ಮಾನಸಿಕ ಕಾಯಿಲೆಗಳಲ್ಲಿ ಮುಖ್ಯವಾದವು ಮೂರು. ತೂಕ ಹೆಚ್ಚುವ ಭಯದಿಂದ ಆಹಾರವನ್ನು ತೀವ್ರವಾಗಿ ತ್ಯಜಿಸುವುದು ಅನೊರೆಕ್ಸಿಯಾ. ಮಿತಿಮೀರಿ ತಿಂದು ವಾಂತಿ, ಭೇದಿ ಮಾತ್ರೆ ಅಥವಾ ಉಪವಾಸದಿಂದ ಸರಿದೂಗಿಸಲು ಯತ್ನಿಸುವುದು ಬುಲಿಮಿಯಾ. ಹಾಗೆ ಸರಿದೂಗಿಸದೆ ಪದೇ ಪದೇ ಹಿಡಿತ ತಪ್ಪಿ ತಿನ್ನುವುದು ಬಿಂಜ್ ಈಟಿಂಗ್ ಕಾಯಿಲೆ. ಇವು ಹಟವೂ ಅಲ್ಲ, ಗಾಳಿಯ ಸೋಂಕೂ ಅಲ್ಲ, ಚಿಕಿತ್ಸೆಯಿರುವ ಕಾಯಿಲೆಗಳು. ಈ ಕೆಳಕಂಡ ಲಕ್ಷಣಗಳು ಕಂಡುಬಂದಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು.

• ಕೆಲವೇ ವಾರಗಳಲ್ಲಿ ತೂಕ ಗಣನೀಯವಾಗಿ ಇಳಿಯುವುದು, ಮುಟ್ಟು ನಿಲ್ಲುವುದು
• ಊಟವಾದ ಕೂಡಲೇ ಪ್ರತಿಸಲ ಬಚ್ಚಲುಮನೆಗೆ ಹೋಗುವುದು
• ಮನೆಯವರೊಡನೆ ಕುಳಿತು ಉಣ್ಣಲು ನೆಪ ಹೇಳಿ ತಪ್ಪಿಸಿಕೊಳ್ಳುವುದು, ಆಹಾರ ಬಚ್ಚಿಡುವುದು
• ಕೂದಲು ಉದುರುವುದು, ಸದಾ ಚಳಿಯೆನಿಸುವುದು, ಮೂರ್ಛೆ ಹೋಗುವುದು
• ರೂಪದ ಕಾರಣಕ್ಕೆ ಶಾಲೆ, ಮದುವೆ, ಜಾತ್ರೆಗಳಿಗೆ ಹೋಗಲು ನಿರಾಕರಿಸುವುದು
• ಬದುಕುವುದೇ ಬೇಡವೆಂಬ ಮಾತು ಆಡುವುದು (ಇದನ್ನು ಎಂದಿಗೂ ಹಗುರವಾಗಿ ಪರಿಗಣಿಸಬಾರದು)

10. ಜಾಹೀರಾತು ಮತ್ತು ಕಾನೂನು

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳ) ಅಧಿನಿಯಮದ ಅನುಸೂಚಿಯಲ್ಲಿ ಬೊಜ್ಜು ಹಾಗೂ ದೇಹದ ಎತ್ತರ ಎರಡೂ ಸೇರಿವೆ. ಔಷಧದಿಂದ ಬೊಜ್ಜು ಗುಣವಾಗುತ್ತದೆ ಅಥವಾ ಎತ್ತರ ಹೆಚ್ಚುತ್ತದೆ ಎಂದು ಜಾಹೀರಾತು ನೀಡುವುದು ಈ ಅಧಿನಿಯಮದಂತೆ ಅಪರಾಧ. ಮೊದಲ ಬಾರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಗೋಡೆಬರಹ, ಕರಪತ್ರ ಅಥವಾ ಮೊಬೈಲ್ ಸಂದೇಶದ ಮೂಲಕ ಬರುವ ಇಂತಹ ಭರವಸೆಗಳಿಗೆ ಸಾರ್ವಜನಿಕರು ಮರುಳಾಗಬಾರದು.

ಶಸ್ತ್ರಚಿಕಿತ್ಸೆಯ ಮೂಲಕ ಕೊಬ್ಬು ತೆಗೆಸುವುದೂ ಅಪಾಯರಹಿತವಲ್ಲ. 2022ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕನ್ನಡ ಕಿರುತೆರೆ ನಟಿಯೊಬ್ಬರು ಇಂತಹ ಶಸ್ತ್ರಚಿಕಿತ್ಸೆಯ ಬಳಿಕ ಮೃತಪಟ್ಟಿದ್ದನ್ನು ಇಲ್ಲಿ ಸ್ಮರಿಸಬಹುದು. ಪರದೆಯ ಮೇಲೆ ಇತರರು ಮೆಚ್ಚಿ ನೋಡುವ ರೂಪವುಳ್ಳವರನ್ನೂ ಈ ಒತ್ತಡ ಬಿಡುವುದಿಲ್ಲ.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮುದ್ದೆ ಬಿಟ್ಟು ಚಪಾತಿ ತಿಂದರೆ ತೂಕ ಇಳಿಯುತ್ತದೆಯೇ?
ಉತ್ತರ: ತೂಕಕ್ಕೆ ತೂಕ ಹೋಲಿಸಿದರೆ ರಾಗಿ ಹಾಗೂ ಗೋಧಿ ನೀಡುವ ಶಕ್ತಿಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಧಾನ್ಯ ಬದಲಿಸುವುದಕ್ಕಿಂತ ಒಟ್ಟು ಪ್ರಮಾಣ, ಎಣ್ಣೆ ಮತ್ತು ಚಟುವಟಿಕೆ ಮುಖ್ಯ.

ಪ್ರಶ್ನೆ: ಸಕ್ಕರೆ ಕಾಯಿಲೆಯವರು ಮುದ್ದೆಯನ್ನು ಎಷ್ಟಾದರೂ ತಿನ್ನಬಹುದೇ?
ಉತ್ತರ: ಇಲ್ಲ. ರಾಗಿಯಲ್ಲಿಯೂ ಪಿಷ್ಟವಿದೆ. ಪ್ರಮಾಣದ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು.

ಪ್ರಶ್ನೆ: ಎತ್ತರ ಹೆಚ್ಚಿಸುವ ಪುಡಿಗಳು ಫಲಕಾರಿಯೇ?
ಉತ್ತರ: ಹದಿಹರೆಯದ ಕೊನೆಯಲ್ಲಿ ಮೂಳೆಗಳ ಬೆಳವಣಿಗೆಯ ತುದಿಗಳು ಮುಚ್ಚಿಕೊಂಡ ಮೇಲೆ ಯಾವ ಪುಡಿಯಿಂದಲೂ ಎತ್ತರ ಹೆಚ್ಚುವುದಿಲ್ಲ.

ಪ್ರಶ್ನೆ: ಮಗುವನ್ನು ಶಾಲೆಯಲ್ಲಿ ರೂಪದ ಕಾರಣಕ್ಕೆ ಹಂಗಿಸುತ್ತಿದ್ದರೆ ಏನು ಮಾಡಬೇಕು?
ಉತ್ತರ: ಮೊದಲು ಮಗುವಿನ ಮಾತನ್ನು ಪೂರ್ತಿಯಾಗಿ ಕೇಳಬೇಕು. ತಲೆ ಕೆಡಿಸಿಕೊಳ್ಳಬೇಡವೆಂದು ಹೇಳಿ ಮುಗಿಸದೆ ಶಿಕ್ಷಕರ ಗಮನಕ್ಕೆ ತರಬೇಕು. ಮನೆಯಲ್ಲಿಯೂ ಅದೇ ಪದಗಳು ಬಳಕೆಯಲ್ಲಿದ್ದರೆ ನಿಲ್ಲಿಸಬೇಕು.

12. ಲಭ್ಯವಿರುವ ನೆರವು

• ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೂಕ, ರಕ್ತದೊತ್ತಡ ಹಾಗೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಬಹುದು. ಆಶಾ ಕಾರ್ಯಕರ್ತೆಯರು ಈ ಬಗ್ಗೆ ಮಾರ್ಗದರ್ಶನ ನೀಡುತ್ತಾರೆ.
• 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಂಗವಾಗಿರುವ ಸ್ನೇಹ ಕ್ಲಿನಿಕ್‌ಗಳಲ್ಲಿ 10ರಿಂದ 19 ವರ್ಷದವರಿಗೆ ಗೋಪ್ಯತೆ ಕಾಪಾಡಿ ಆಪ್ತಸಮಾಲೋಚನೆ ನೀಡಲಾಗುತ್ತದೆ.
• ಶಾಲೆ ಹಾಗೂ ಅಂಗನವಾಡಿಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ನೀಡುವ ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ ತಪ್ಪದೆ ಸೇವಿಸುವುದು.
• ಮಾನಸಿಕ ಆರೋಗ್ಯದ ನೆರವಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಮಕ್ಕಳ ಸಹಾಯವಾಣಿ ಸಂಖ್ಯೆ 1098.
• ತಜ್ಞ ಚಿಕಿತ್ಸೆ ಅಗತ್ಯವಿದ್ದಲ್ಲಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯ ವೈದ್ಯರ ಸಲಹೆಯಂತೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಹೋಗಬಹುದು.

ಮನೆಯ ಹಿರಿಯರು, ಶಿಕ್ಷಕರು, ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳ ಸದಸ್ಯರು ಹಾಗೂ ಹಾಲು ಉತ್ಪಾದಕರ ಸಂಘಗಳ ಪದಾಧಿಕಾರಿಗಳು ಮೇಲ್ಕಂಡ ಅಂಶಗಳನ್ನು ತಮ್ಮ ಸಭೆಗಳಲ್ಲಿ ಚರ್ಚಿಸುವಂತೆ ಕೋರಲಾಗಿದೆ. ಮಗು ಊಟಕ್ಕೆ ಕುಳಿತಾಗ ಕೇಳಬೇಕಾದ ಪ್ರಶ್ನೆ ಎಷ್ಟು ದಪ್ಪಗಾದೆ ಎಂಬುದಲ್ಲ, ಹೊಟ್ಟೆ ತುಂಬಿತೇ ಎಂಬುದು.